ಹಳೇ ಪ್ರತಿ, ಆದರೂ ನಾಲ್ಕು ಸ್ಟಾರ್

ಸ್ತ್ರೀವಾದಿ ಬೈಬಲ್ ವಿದ್ವಾಂಸೆ ಎಲಿಜಬೆತ್ ಶೂಸ್ಲರ್ ಫಿಯೊರೆಂಜಾ ಅವರು ಆದಿ ಕ್ರೈಸ್ತರ ನಡುವಿನ ಹೆಂಗಸರ ಬಗ್ಗೆ ಬರೆದ ‘ಇನ್ ಮೆಮರಿ ಆಫ್ ಹರ್’ (1983) ಸೆಕೆಂಡ್ ಹ್ಯಾಂಡ್‌ನಲ್ಲಿ ತರಿಸಿದೆ. ಬೆನ್ನಿನ ಅಂಟು ಬಿಟ್ಟು ಎರಡು ಹಾಳೆ ಕೈಗೇ ಬಂದವು. ಮಾರುವವರು ಮೊದಲೇ ಹೇಳಬೇಕಿತ್ತು.

ಯೇಸುವಿನ ತಲೆಗೆ ಸುಗಂಧತೈಲ ಸುರಿದವಳನ್ನು ಲೋಕವೆಲ್ಲ ನೆನೆಯುತ್ತದೆ ಅನ್ನುವ ಮಾರ್ಕನ ಸುವಾರ್ತೆಯಲ್ಲಿ ಅವಳ ಹೆಸರೇ ಇಲ್ಲ. ಹಿಡಿದುಕೊಟ್ಟ ಯೂದನ ಹೆಸರು ಎಲ್ಲರಿಗೂ ಗೊತ್ತು. ಪುಸ್ತಕ ಶುರುವಾಗುವುದೇ ಇಲ್ಲಿಂದ. ಇಪ್ಪತ್ತು ವರ್ಷ ಸಂಡೇ ಸ್ಕೂಲಿನಲ್ಲಿ ಈ ಕಥೆ ಹೇಳಿದ್ದೇನೆ, ಒಂದು ದಿನವೂ ನನಗಿದು ಹೊಳೆದಿರಲಿಲ್ಲ!

ಅಮೆರಿಕದ ಸ್ತ್ರೀವಾದಿ ಚಿಂತಕಿ ಮೇರಿ ಡೇಲಿ 1968ರಲ್ಲೇ ಹೆಂಗಸರ ವಿಷಯದಲ್ಲಿ ಚರ್ಚನ್ನು ಪ್ರಶ್ನಿಸಿದ್ದರು. ಫಿಯೊರೆಂಜಾ ಬೈಬಲಿನ ಗ್ರೀಕ್ ಮೂಲಕ್ಕೇ ಕೈಹಾಕುತ್ತಾರೆ. ಪೌಲ ರೋಮಿನವರಿಗೆ ಬರೆದ ಪತ್ರದಲ್ಲಿ ಬರುವ ಫೊಯಿಬೆ ಎಂಬ ಹೆಂಗಸಿನ ಭಾಗ ನಿಧಾನವಾಗಿ ಓದಿ. ‘ಡಿಯಾಕೊನೋಸ್’ ಎಂಬ ಅದೇ ಪದ ಗಂಡಸರಿಗಾದರೆ ಸಭಾಸೇವೆಯ ಪದವಿ, ಅವಳಿಗೆ ಬಂದಾಗ ನಮ್ಮ ಕನ್ನಡ ಬೈಬಲಿನಲ್ಲೂ ಬರೀ ‘ಸೇವಕಿ’. ಆ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಫೊಯಿಬೆಯ ಹೆಸರು ಬರೆದಿಟ್ಟಿದ್ದೇನೆ.