ಮಳೆಗಾಲದ ಸಸಿಗೆ ಯಾವ ಟ್ಯೂಬ್‌ಲೈಟ್: ಟಿ8 ಮೇಲೋ, ಟಿ5 ಮೇಲೋ?

ಪುನರ್ವಸು ಮಳೆ ಹಿಡಿಯಿತೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಕೊಪ್ಪದ ಕಡೆ ಕಿಟಕಿ ಬೆಳಕು ಮೆಣಸಿನಕಾಯಿ, ಟೊಮೆಟೊ ಸಸಿಗೆ ಸಾಲದು. ಕಾಂಡ ನೂಲಿನಂತೆ ಎಳೆದುಕೊಂಡು ಮಗುಚುತ್ತದೆ. ನಾಲ್ಕಡಿಯ ಎರಡು ಟ್ಯೂಬ್‌ಲೈಟ್ ಇದ್ದರೆ ಸಾಕು, ಆದರೆ ಅಂಗಡಿಯವರು ಕೈಗೆ ಕೊಟ್ಟದ್ದನ್ನು ತಂದರೆ ಆಗದು.

ಟ್ಯೂಬಿನ ತುದಿಯ ಅಚ್ಚು ನೋಡಿ. 36 ವ್ಯಾಟಿನ ದಪ್ಪ ಟ್ಯೂಬ್, ಅಂದರೆ ಟಿ8ರ ಮೇಲೆ ‘865’ ಇದ್ದರೆ, 8 ಅಂದರೆ ಬಣ್ಣ ತೋರಿಸುವ ಗುಣ ನೂರಕ್ಕೆ 80ರ ಮೇಲೆ, 65 ಅಂದರೆ 6500 ಕೆಲ್ವಿನ್, ಹಗಲಿನಂಥ ಬಿಳಿ. ಬೆಳಕು ಸುಮಾರು 3,200 ಲೂಮೆನ್. ‘54’ ಎಂದಿದ್ದರೆ ಹಳೇ ಕಾಲದ ಪುಡಿ ಬಳಿದದ್ದು. ಕಣ್ಣಿಗೆ ಅದೇ ಬಿಳಿ, ಮೀಟರಿಗೆ ಅದೇ ಖರ್ಚು, ಬೆಳಕು ಮಾತ್ರ ಸುಮಾರು 2,500. ಗಿಡಕ್ಕೆಂದೇ ಮಾರುವ ಗುಲಾಬಿ ಟ್ಯೂಬು ಸಸಿ ಹಂತಕ್ಕೆ ದಂಡ.

28 ವ್ಯಾಟಿನ ತೆಳು ಟಿ5 ಕಾಗದದ ಮೇಲೆ ಗೆಲ್ಲುತ್ತದೆ. ಆದರೆ ಅದು ಪೂರ್ತಿ ಬೆಳಗುವುದು ಸುತ್ತಲಿನ ಗಾಳಿ 35 ಡಿಗ್ರಿ ಇದ್ದಾಗ. ಟಿ8ಗೆ 25 ಸಾಕು. ಮಲೆನಾಡಿನ ಜುಲೈ ಚಳಿಯಲ್ಲಿ, ಟ್ಯೂಬ್ ಸಿಕ್ಕಿಸುವ ಬರಿಯ ಪಟ್ಟಿಯಲ್ಲಿ ಟಿ5 ಮಂಕಾಗುತ್ತದೆ. ಹಾಸನದ ಬಯಲು ಸೀಮೆಯ ಬೇಸಿಗೆಗಾದರೆ ಟಿ5 ಸರಿ. ಇಲ್ಲಿಗೆ ನಮ್ಮ ಮತ ಟಿ8ಗೇ.

ಚೋಕ್ ಎಲೆಕ್ಟ್ರಾನಿಕ್ ಇರಲಿ. ತಾಮ್ರದ ಚೋಕ್ ತಾನೇ ಹತ್ತಿರ ಹತ್ತಿರ 9 ವ್ಯಾಟ್ ತಿನ್ನುತ್ತದೆ. ಸಂಜೆ ವೋಲ್ಟೇಜ್ ಬಿದ್ದಾಗ ಸ್ಟಾರ್ಟರ್ ಮಿಣಮಿಣ ಎನ್ನುತ್ತಲೇ ಇರುತ್ತದೆ; ಪ್ರತಿ ಮಿಣುಕಿಗೂ ಫಿಲಮೆಂಟಿನ ಲೇಪ ಸವೆದು ತುದಿ ಕಪ್ಪಾಗುತ್ತದೆ.

ಎರಡು ಟ್ಯೂಬಿನ ನಡುವೆ ಆರಿಂಚು ಬಿಡಿ, ಕೆಳಗೆ ಎರಡು ಪ್ರೋಟ್ರೇ (ಸಸಿ ಬೆಳೆಸುವ ಗುಳಿಗಳ ತಟ್ಟೆ) ಉದ್ದುದ್ದಕ್ಕೆ ಕೂರುತ್ತವೆ. ಎಲೆಗೂ ಟ್ಯೂಬಿಗೂ ಮೂರಿಂಚಿಗಿಂತ ಹೆಚ್ಚು ಅಂತರ ಬೇಡ. ಹೆಚ್ಚಿನವರು ತಪ್ಪುವುದೇ ಇಲ್ಲಿ: ಪಟ್ಟಿಯನ್ನು ಗೋಡೆಗೆ ಹೊಡೆದುಬಿಡುತ್ತಾರೆ. ಸರಪಳಿಯಲ್ಲಿ ನೇತುಹಾಕಿ, ಸಸಿ ಎದ್ದಂತೆ ಏರಿಸಿ. ಟ್ಯೂಬಿನ ಎರಡೂ ತುದಿಯಲ್ಲಿ ಬೆಳಕು ಕಡಿಮೆ, ವಾರಕ್ಕೊಮ್ಮೆ ಟ್ರೇ ತಿರುಗಿಸಿ. ದಿನಕ್ಕೆ 14 ಗಂಟೆ ಉರಿಸಿದರೆ ಎರಡಕ್ಕೂ ಸೇರಿ ಸುಮಾರು ಒಂದು ಯೂನಿಟ್. ಸೊಪ್ಪು, ಸಸಿ, ಆಂಥೂರಿಯಂ ಎಲೆಗೆ ಇಷ್ಟು ಸಾಕು; ಟೊಮೆಟೊ ಕಾಯಿ ಕಟ್ಟಲು ಸಾಲದು.

ಇನ್ನೊಂದು ಮಾತು. ಪಾದರಸ ಇರುವುದರಿಂದ ಟ್ಯೂಬ್‌ಲೈಟ್ ತಯಾರಿಕೆಯನ್ನು 2027ರ ಕೊನೆಯೊಳಗೆ ನಿಲ್ಲಿಸಬೇಕೆಂದು ಪಾದರಸ ತಡೆಯುವ ಮಿನಮಾಟಾ ಒಪ್ಪಂದದ ದೇಶಗಳು 2023ರಲ್ಲಿ ತೀರ್ಮಾನಿಸಿವೆ. ಮನೆಯಲ್ಲಿ ಪಟ್ಟಿ ಇದ್ದವರು 865 ಹಾಕಿಕೊಳ್ಳಿ. ಪಟ್ಟಿಯನ್ನೂ ಹೊಸದಾಗಿ ಕೊಳ್ಳಬೇಕಾದವರು ನೇರ ಎಲ್‌ಇಡಿಗೆ ಹೋಗಿ.