ಮೂಗು ತೊಳೆಯುವ ಬಾಟಲಿ: ಎರಡು ತಿಂಗಳು ಬಳಸಿದ ಮೇಲೆ

ಪರಾಗದ ಸೀಸನ್ ಶುರುವಾದರೆ ನನಗೆ ಬೆಳಿಗ್ಗೆ ಎದ್ದ ಕೂಡಲೇ ಸಾಲಾಗಿ ಸೀನು, ರಾತ್ರಿ ಕಟ್ಟಿದ ಮೂಗು. ಮಾತ್ರೆ ನುಂಗಿ ನುಂಗಿ ಬೇಸರವಾಗಿ ಈ ಬಾಟಲಿ ತಗೊಂಡೆ. ಅಂಗೈಯಲ್ಲಿ ಹಿಡಿದು ಅದುಮುವಂಥ ಮೆತ್ತನೆ ಪ್ಲಾಸ್ಟಿಕ್, 240 ಮಿಲಿ ನೀರು ಹಿಡಿಯುತ್ತದೆ, ಜೊತೆಗೆ ಉಪ್ಪಿನ ಪುಡಿಯ ಸ್ಯಾಚೆಗಳು. ಸಿಂಕಿನ ಮೇಲೆ ಬಗ್ಗಿ, ಬಾಯಿಯಲ್ಲಿ ಉಸಿರಾಡುತ್ತಾ ಒಂದು ಹೊಳ್ಳೆಗೆ ನೀರು ಬಿಟ್ಟರೆ ಇನ್ನೊಂದರಿಂದ ಹೊರಗೆ ಬರುತ್ತದೆ, ಒಳಗೆ ಅಂಟಿಕೊಂಡಿದ್ದ ಪರಾಗ, ಧೂಳು, ಸಿಂಬಳವನ್ನೂ ಎಳೆದುಕೊಂಡು.

ಮೊದಲ ದಿನ ಉಸಿರು ಕಟ್ಟೀತೇನೋ ಅಂತ ಭಯವಿತ್ತು. ಹಾಗೇನೂ ಆಗಲಿಲ್ಲ. ಒಮ್ಮೆ ಅವಸರದಲ್ಲಿ ಅರ್ಧ ಸ್ಯಾಚೆ ಹಾಕಿದಾಗ ಮಾತ್ರ ಹಣೆಯವರೆಗೂ ಉರಿ ಹತ್ತಿತು. ನೀರಿನಲ್ಲಿ ಉಪ್ಪು ಸುಮಾರು ಶೇ. 0.9 ಇದ್ದರೆ ಮೂಗಿಗೆ ಹಿತ, ಕಡಿಮೆಯಾದರೆ ಉರಿ.

ಜಾಸ್ತಿ ಉಪಯೋಗ ಕಂಡದ್ದು ಸಂಜೆ. ಪರಾಗವನ್ನು ದೇಹ ಶತ್ರು ಅಂದುಕೊಂಡು ಹಿಸ್ಟಮಿನ್ ಅನ್ನುವ ರಾಸಾಯನಿಕ ಬಿಡುತ್ತದೆ, ಸೀನು, ತುರಿಕೆ ಎಲ್ಲ ಅದರಿಂದಲೇ. ಹಾಗಾಗಿ ಹೊರಗಿನಿಂದ ಬಂದ ಕೂಡಲೇ ಮೂಗು ತೊಳೆದು, ಕೂದಲಿಗೆ ಅಂಟಿದ ಪರಾಗ ದಿಂಬಿಗೆ ಇಳಿಯದ ಹಾಗೆ ತಲೆಗೆ ಸ್ನಾನ ಮಾಡಿ ಮಲಗುತ್ತೇನೆ. ಈಗ ಹೆಚ್ಚಿನ ರಾತ್ರಿ ಬಾಯಿ ಒಣಗಿ ಎಚ್ಚರವಾಗುವುದಿಲ್ಲ. ಡಾಕ್ಟರ್ ಬರೆದುಕೊಟ್ಟ ಸ್ಟೀರಾಯ್ಡ್ ಸ್ಪ್ರೇಯನ್ನೂ ತೊಳೆದ ಮೇಲೆಯೇ ಹಾಕುತ್ತೇನೆ. ಸಿಂಬಳದ ಮೇಲೆ ಬಿದ್ದ ಔಷಧಿ ಸುಮ್ನೆ ಹರಿದುಹೋಗುತ್ತದೆ, ಅಲ್ವಾ? ಅಂದ ಹಾಗೆ ಆ ಸ್ಪ್ರೇ ಒಂದೇ ದಿನಕ್ಕೆ ಪೂರ್ತಿ ಕೆಲಸ ಮಾಡುವುದಿಲ್ಲ, ಕೆಲವು ದಿನ ಬಿಡದೆ ಹಾಕಬೇಕು.

ಈಗ ದೂರು. ನಲ್ಲಿ ನೀರನ್ನು ನೇರವಾಗಿ ಬಳಸಬಾರದು ಅನ್ನುವ ಮಾತನ್ನು ಒಳಗಿನ ಚೀಟಿಯ ಮೂಲೆಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹಾಕಿದ್ದಾರೆ. ಇದು ಚಿಕ್ಕ ವಿಷಯ ಅಲ್ಲ. ನೇಗ್ಲೇರಿಯಾ ಅನ್ನುವ ಅಮೀಬಾ ನೀರಿನ ಜೊತೆ ಹೊಟ್ಟೆಗೆ ಹೋದರೆ ಏನೂ ಆಗುವುದಿಲ್ಲ, ಮೂಗಿನಿಂದ ಹೋದರೆ ಮಿದುಳಿಗೆ ಸೇರಬಹುದು. ತೀರಾ ಅಪರೂಪ, ಆದರೆ ಬಂದರೆ ಬದುಕುವವರು ಬಹಳ ಕಡಿಮೆ. ದಯವಿಟ್ಟು ಡಿಸ್ಟಿಲ್ಡ್ ನೀರು ಬಳಸಿ, ಇಲ್ಲವೇ ನೀರನ್ನು ಕನಿಷ್ಠ 1 ನಿಮಿಷ ಕುದಿಸಿ, ಉಗುರುಬೆಚ್ಚಗೆ ಆರಿಸಿಕೊಳ್ಳಿ. ಬಳಸಿದ ಮೇಲೆ ಬಾಟಲಿಯನ್ನೂ ತೊಳೆದು ಪೂರ್ತಿ ಒಣಗಿಸಬೇಕು. ಕತ್ತು ಕಿರಿದಾದ್ದರಿಂದ ಅದು ಬೇಗ ಒಣಗುವುದಿಲ್ಲ.

ಮೂಗು ಪೂರ್ತಿ ಕಟ್ಟಿರುವಾಗ ಜೋರಾಗಿ ಅದುಮಬೇಡಿ, ನೀರು ಕಿವಿಯ ಕಡೆ ಹೋಗಿ ನೋವು ಬರುತ್ತದೆ. ಕಣ್ಣಿನ ತುರಿಕೆಗೆ ಇದರಿಂದ ನನಗೇನೂ ಪ್ರಯೋಜನವಾಗಲಿಲ್ಲ, ಅದಕ್ಕೆ ಬೇರೆ ಡ್ರಾಪ್ಸ್ ಹಾಕುತ್ತಿದ್ದೇನೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಆ ಸಣ್ಣ ಅಕ್ಷರಕ್ಕೆ.