ಬಿರುಗಾಳಿ ವಾರದಲ್ಲಿ ದಿನಸಿ ಆ್ಯಪ್: ಲಿಮಿಟ್ ಓಕೆ, ನೋಟಿಫಿಕೇಶನ್ ಕಾಟ ಬೇಡ

5ಕ್ಕೆ 3 ಸ್ಟಾರ್. ಆ್ಯಪ್ ಹೆಸರು ಹಾಕಲ್ಲ, ಬಳಸೋರಿಗೆ ಗೊತ್ತಾಗುತ್ತೆ.

ಬಿರುಗಾಳಿ ಎಚ್ಚರಿಕೆ ಬಂದ ತಕ್ಷಣ ಇವ್ರು ನೀರಿನ ಬಾಟ್ಲು, ಬ್ಯಾಟರಿ, ಟಾಯ್ಲೆಟ್ ಪೇಪರ್ ಎಲ್ಲಕ್ಕೂ ಒಂದು ಆರ್ಡರ್‌ಗೆ ಎರಡೇ ಪ್ಯಾಕ್ ಅಂತ ಲಿಮಿಟ್ ಹಾಕಿದ್ರು. ಎಲ್ರೂ ಇದಕ್ಕೇ ಬೈತಿದಾರೆ, ನಾನು ಸ್ಟಾರ್ ಕೊಟ್ಟಿರೋದೇ ಇದಕ್ಕೆ. ಔಟ್ ಆಫ್ ಸ್ಟಾಕ್ ಅಂದ್ರೆ ಮಾಲೇ ಇಲ್ಲ ಅಂತಲ್ಲ, ಎಷ್ಟೋ ಸಲ ಗೋಡೌನಲ್ಲಿ ಬಿದ್ದಿರುತ್ತೆ, ಆದ್ರೆ ಲಾರಿ, ಡ್ರೈವರ್, ಲೋಡಿಂಗ್ ಜನ ಎಲ್ಲ ಮಾಮೂಲಿ ದಿನದ ಲೆಕ್ಕಕ್ಕೇ ಇರೋದು, ಅಂಗಡಿಯವ್ರೂ ಸ್ವಲ್ಪ ಸ್ವಲ್ಪನೇ ತರಿಸ್ಕೊಂಡು ನಡೆಸೋದು, ಹಂಗಾಗಿ ಮನೆಗೊಂದು ಪ್ಯಾಕ್ ಜಾಸ್ತಿ ತಗೊಂಡ್ರೂ ಸಾಕು ರ್‍ಯಾಕ್ ಖಾಲಿ. ಯಾರೂ ದುರಾಸೆ ಪಡಬೇಕಾಗೇ ಇಲ್ಲ. 2020ರಲ್ಲಿ ಕೋವಿಡ್ ಟೈಮಲ್ಲಿ ಹೊರದೇಶಗಳಲ್ಲಿ ಟಾಯ್ಲೆಟ್ ಪೇಪರ್ ಖಾಲಿಯಾದ ಕಥೆನೂ ಪೂರ್ತಿ ಹುಚ್ಚಾಟ ಅಲ್ಲ, ಎಲ್ರೂ ಮನೇಲೇ ಕೂತಾಗ ಮನೆ ರೋಲಿಗೆ ಡಿಮ್ಯಾಂಡ್ ನಿಜವಾಗ್ಲೂ ಏರಿತ್ತು, ಆಫೀಸಿಗೆ ಹೋಗೋ ದೊಡ್ಡ ರೋಲೇ ಬೇರೆ, ಅದನ್ನ ಹಂಗೇ ತಂದು ಅಂಗಡೀಲಿ ಇಡೋಕಾಗಲ್ಲ.

ಈಗ ಕಟ್ ಮಾಡಿದ 2 ಸ್ಟಾರ್ ವಿಷಯ. ಒಂದ್ಕಡೆ ಲಿಮಿಟ್ ಹಾಕಿ ಇನ್ನೊಂದ್ಕಡೆ "ಬೇಗ ಮಾಡಿ, ಕೆಲವೇ ಉಳಿದಿವೆ" ಅಂತ ಗಂಟೆಗೊಂದು ನೋಟಿಫಿಕೇಶನ್ ಕಳಿಸಿದ್ರೆ ಬ್ಯಾಟರಿ ಬೇಡದವ್ರೂ ಕಾರ್ಟಿಗೆ ಹಾಕ್ತಾರೆ ತಾನೇ? 2021ರ ಮೇನಲ್ಲಿ ಅಮೆರಿಕದಲ್ಲಿ ಸೈಬರ್ ದಾಳಿಯಿಂದ ಪೆಟ್ರೋಲ್, ಡೀಸೆಲ್ ಸಾಗಿಸೋ ಕೊಲೋನಿಯಲ್ ಪೈಪ್‌ಲೈನ್ ನಿಂತಾಗ, ಬಹುಪಾಲು ಪೆಟ್ರೋಲ್ ಹಡಗಲ್ಲಿ ಬರೋ ಫ್ಲಾರಿಡಾದಲ್ಲೂ ಬಂಕ್‌ಗಳು ಖಾಲಿ ಆದ್ವು, ಬರೀ ಸುದ್ದಿ ಕೇಳಿ ಜನ ಟ್ಯಾಂಕ್ ತುಂಬಿಸ್ಕೊಂಡಿದ್ದಕ್ಕೆ. ಭಯ ಹಬ್ಬಿಸೋ ಕೆಲಸ ಆ್ಯಪಿಗೆ ಯಾಕೆ ಬೇಕು.

ಆಮೇಲೆ ಲಿಮಿಟ್ ಇರೋದು ಆರ್ಡರ್‌ಗೆ, ಅಕೌಂಟಿಗಲ್ಲ. ಬೆಳಿಗ್ಗೆ ಒಂದು ಮಧ್ಯಾಹ್ನ ಒಂದು ಅಂತ ಹಾಕೋರನ್ನ ತಡೆಯೋರಿಲ್ಲ, ಡೆಲಿವರಿ ಸ್ಲಾಟೆಲ್ಲ ಅವ್ರದ್ದೇ, ಮನೆಯಿಂದ ಹೊರಗೆ ಹೋಗೋಕಾಗದ ವಯಸ್ಸಾದವ್ರು ಎಲ್ಲಿಗೆ ಹೋಗ್ಬೇಕು? 2020ರಲ್ಲಿ ಸುಮಾರು ದೇಶಗಳ ಸೂಪರ್‌ಮಾರ್ಕೆಟ್‌ಗಳು ಬೆಳಗಿನ ಮೊದಲ ಗಂಟೆ ಅವ್ರಿಗೇ ಅಂತ ಬಿಟ್ಟಿದ್ವು, ಇವ್ರು ಸ್ಲಾಟಲ್ಲಿ ಅಷ್ಟೂ ಮಾಡಿಲ್ಲ. ಕಸ್ಟಮರ್ ಕೇರಿಗೆ ಹೇಳಿದ್ರೆ "ನಿಮ್ಮ ಫೀಡ್‌ಬ್ಯಾಕಿಗೆ ಧನ್ಯವಾದ", ಅಷ್ಟೇ.

ಡೆಲಿವರಿ ಹುಡುಗ್ರು ಪಾಪ ಮಳೇಲೂ ಸರಿಯಾದ ಟೈಮಿಗೆ ಬಂದ್ರು, ಅವ್ರ ಬಗ್ಗೆ ಕಂಪ್ಲೇಂಟ್ ಇಲ್ಲ.

ಅಂದಹಾಗೆ ಗಾಳಿ ತಣ್ಣಗಾದ್ಮೇಲೆ ಈಗ ಅದೇ ಬ್ಯಾಟರಿ ಒಂದಕ್ಕೊಂದು ಫ್ರೀ ಆಫರಲ್ಲಿದೆ. ಬುಲ್‌ವಿಪ್ ಎಫೆಕ್ಟ್ ಅಂತಾರಲ್ಲ ಅದೇ ಇರ್ಬೇಕು, ನಾವು ಸ್ವಲ್ಪ ಜಾಸ್ತಿ ತಗೊಂಡ್ವಿ, ಅಂಗಡಿಯವ್ರು ಇನ್ನೂ ಜಾಸ್ತಿ ತರಿಸಿದ್ರು, ಫ್ಯಾಕ್ಟ್ರಿಯವ್ರು ಅದಕ್ಕಿಂತ ಜಾಸ್ತಿ ಮಾಡಿದ್ರು, ಎಲ್ರ ಮನೇಲೂ ಡ್ರಾಯರ್ ತುಂಬಿರುವಾಗ ಕೊಳ್ಳೋರು ಯಾರು.